ದೇವಾಪುರದ ಸೀಮೆಯಲ್ಲಿ ಒಕ್ಕಲು ಮನೆತನದ ಚರಿತ್ರೆ: ಕೆಲವು ವಿಚಾರಗಳು

ಮೊಗಲ ಚಕ್ರವರ್ತಿ ಔರಂಗಜೇಬನ ಕಡೆಯ ವರ್ಷಗಳನ್ನು ಕುರಿತು ವಿವರವಾಗಿ ಬರೆದವರು ದೇವಾಪುರದ ಹೆಸರನ್ನು ಒಮ್ಮೆಯಾದರೂ ಎತ್ತದೆ ಬಿಡುವುದಿಲ್ಲ. ೧೭೦೫ನೆಯ ಇಸವಿಯ ಫೆಬ್ರವರಿಯಲ್ಲಿ ಆತನು ಬೇಡ ನಾಯಕರ ವಾಗಣಗೇರಾ ಕೋಟೆಗೆ ತಾನೇ ಬಂದು ಮುತ್ತಿಗೆ ಹಾಕಿದನು. ಏಪ್ರಿಲ್ ತಿಂಗಳ ಕೊನೆಯಲ್ಲಿ ಪಿಡ್ಡನಾಯಕನು ರಾತ್ರೋರಾತ್ರಿ ಕೋಟೆಯನ್ನು ತೊರೆದು ಹೋದ ಮೇಲೆ ಅದು ಮೊಗಲರ ವಶವಾಯಿತು. ಆತನು ಸ್ವತಃ ನಡೆಯಿಸಿದ ಮುತ್ತಿಗೆಗಳಲ್ಲಿ ಇದೇ ಕಡೆಯದು. ಅನಂತರ ವೃದ್ಧ ಚಕ್ರವರ್ತಿಯು ವಾಗಣಗೇರೆಯ ದಕ್ಷಿಣಕ್ಕೆ ಎಂಟು ಮೈಲಿ ದೂರದಲ್ಲಿ, ಕೃಷ್ಣಾ ನದಿಗೆ ಸಮೀಪವಾದ ದೇವಾಪುರದಲ್ಲಿ ಪಾಳೆಯವನ್ನಿಳಿಸಿ, ಅಲ್ಲಿ ಕಠಿನವಾದ ಕಾಯಿಲೆಗೆ ಗುರಿಯಾಗಿ, ಅಕ್ಟೋಬರಿನಲ್ಲಿ ಹೊರಟು, ಮರುವರ್ಷದ ಜನವರಿಯಲ್ಲಿ ಅಹಮದನಗರವನ್ನು ಸೇರಿದನು. ಜದುನಾಥ ಸರ್ಕಾರರ ಗ್ರಂಥದಲ್ಲಿ ಈ ಸಂಗತಿಗಳೆಲ್ಲ ಕ್ರಮವಾಗಿ ನಿರೂಪಿತವಾಗಿವೆ. ದೇವಾಪುರದ ಮಟ್ಟಿಗೆ ಚರಿತ್ರೆಯು ಅಲ್ಲಿಗೆ ನಿಲ್ಲುತ್ತದೆ. ಚಕ್ರವರ್ತಿಯು ಹೊರಟುಹೋದೊಡನೆ ಊರೂ ಪುಟದಿಂದ ಹೊರಟುಹೋಗುತ್ತದೆ.

ಆದರೆ ಆ ಪಾಳೆಯವು ಇಳಿದದ್ದು ಯಾರ ಹೊಲದಲ್ಲಿ? ಈ ಪ್ರಶ್ನೆಯನ್ನು ಕೇಳಿದವರು ವಿರಳ. ಉತ್ತರ ದೊರೆಯದೆಂಬ ಕಾರಣದಿಂದ ಕೇಳದೆ ಬಿಟ್ಟಿದ್ದಲ್ಲಿ ಅದು ಕ್ಷಮಾರ್ಹವೇ ಸರಿ. ಆದರೂ ಪ್ರಶ್ನೆಯನ್ನು ಕೇಳುವುದರಿಂದಲೇ ಕೆಲವು ವಿಷಯಗಳು ಹೊಳೆಯುತ್ತವೆ ಎಂಬುದು ನಮ್ಮ ಅಭಿಪ್ರಾಯ. ಅರಸು ಮನೆತನಗಳಿಗೆ ವಂಶಾವಳಿಯುಂಟು, ಮಠಗಳಿಗೆ ಗುರುಪರಂಪರೆಯುಂಟು, ದೇಸಾಯಿ ದೇಶಪಾಂಡೆಯರಿಗೆ ಸನದುಗಳುಂಟು. ಒಕ್ಕಲು ಮನೆತನಕ್ಕೆ ಏನುಂಟು? ಅದರ ಹೆಸರು ಕಾಗದದ ಮೇಲೆ ಬೀಳುವುದು ಯಾರಾದರೂ ಅದರಿಂದ ಏನನ್ನಾದರೂ ಬೇಡುವಾಗ ಮಾತ್ರ. ಒಂದು ಕಾಲದಲ್ಲಿ ಆಳನ್ನು ಬೇಡಿದರು, ಮತ್ತೊಂದು ಕಾಲದಲ್ಲಿ ಕಂದಾಯವನ್ನು ಬೇಡಿದರು, ಮುಂದೆ ರುಜುವಾತನ್ನು ಬೇಡಿದರು. ಬೇಡಿಕೆಯು ಬದಲಾದಂತೆಲ್ಲ ಅದೇ ಮನೆತನವು ಬೇರೆ ಬೇರೆ ಹೆಸರಿನಿಂದ ದಾಖಲಾಗುತ್ತದೆ. ಈ ಲೇಖನದಲ್ಲಿ ನಾವು ಪರಿಶೀಲಿಸಬೇಕೆಂದಿರುವುದು ಇದನ್ನೇ. ಯಾವುದೊಂದು ಮನೆತನದ ಹೆಸರನ್ನೂ ಇಲ್ಲಿ ಎತ್ತಿಕೊಂಡಿಲ್ಲ. ಸುರಪುರದ ಸೀಮೆಯಲ್ಲಿ ಒಂದು ಒಕ್ಕಲು ಮನೆತನವು ತಲೆಮಾರುಗಳ ಕಾಲ ನೆಲೆನಿಂತಿದ್ದರೆ ಅದು ಯಾವ ಯಾವ ಬಾಗಿಲುಗಳನ್ನು ದಾಟಿ ಬಂದಿರಬೇಕೆಂಬುದನ್ನು ತೋರಿಸುವುದಷ್ಟೇ ನಮ್ಮ ಉದ್ದೇಶ.

ದೇವಪುರ, ದೇವಾಪುರವೆಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಹಲವಿವೆ. ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನ ದೇವಪುರವು ಯಾವುದೆಂಬ ಚರ್ಚೆಯಲ್ಲಿ ಕಡೂರು ತಾಲ್ಲೂಕಿನ ದೇವನೂರಿನ ಪಕ್ಷವೇ ಬಲವಾಗಿದೆ. ಸುರಪುರದ ಹೆಸರನ್ನು ಎತ್ತಿದವರೂ ಇಲ್ಲದಿಲ್ಲ. ಆ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ.

೧೭೦೫ರ ಪಾಳೆಯದ ಕಾಲಾವಧಿಯನ್ನು ಒಕ್ಕಲಿಗನ ಪಂಚಾಂಗದೊಡನೆ ಹೋಲಿಸಿ ನೋಡಬೇಕು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಎಂದರೆ ರೋಹಿಣಿ ಮಳೆಯಿಂದ ಮೊದಲ್ಗೊಂಡು ಹಸ್ತ, ಚಿತ್ತಿಯವರೆಗೆ. ಈ ಸೀಮೆಯಲ್ಲಿ ಮಸಾರಿ ಭೂಮಿಗೆ ಸಜ್ಜೆ, ತೊಗರಿ, ನವಣೆಗಳನ್ನು ಮುಂಗಾರಿಯಲ್ಲಿ ಬಿತ್ತುತ್ತಾರೆ. ಎರೆಭೂಮಿಯನ್ನು ಮಳೆಗಾಲವೆಲ್ಲ ಹರಗಿ ಹಸನುಮಾಡಿಟ್ಟು ಹುಬ್ಬಿ ಉತ್ತರಿ ಮಳೆಗಳ ಹದ ನೋಡಿ ಹಿಂಗಾರಿ ಜೋಳವನ್ನು ಕೂರಿಗೆಯಿಂದ ಬಿತ್ತುತ್ತಾರೆ. ಎರಡು ಬಿತ್ತನೆಗಳ ಕಾಲವೂ ಆ ಪಾಳೆಯದ ಅವಧಿಯೊಳಗೇ ಬಿದ್ದಿತು. ಕುದುರೆ, ಆನೆ, ಒಂಟೆ, ಹೇರೆತ್ತುಗಳಿಂದ ಕೂಡಿದ ಮೊಗಲ ಪಾಳೆಯವು ಒಂದು ನಡೆದಾಡುವ ಪಟ್ಟಣವೇ ಆಗಿತ್ತೆಂಬುದು ವಿದಿತವಾದ ಸಂಗತಿ. ಅಂಥ ಪಟ್ಟಣವು ಆರು ತಿಂಗಳು ನಿಂತ ನೆಲದಲ್ಲಿ ಆ ವರ್ಷ ಬೆಳೆ ಬಂದಿರಲಾರದು. ಸುತ್ತಣ ಹಳ್ಳಿಗಳ ಕಣಿಕೆಯ ಬಣವೆಗಳೂ ಉಳಿದಿರಲಾರವು. ದಕ್ಷಿಣದ ಯುದ್ಧಗಳು ನಡೆದ ಬಯಲುಗಳಲ್ಲಿ ಗಿಡವೂ ಇಲ್ಲ ಬೆಳೆಯೂ ಇಲ್ಲವೆಂಬರ್ಥದಲ್ಲಿ ಇಟಲಿಯ ಪ್ರವಾಸಿ ಮನೂಚಿಯು ಬರೆದಿರುವುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಮನೆತನವು ಉಳಿದದ್ದು ಹೇಗೆ? ಎರಡು ಆಧಾರಗಳನ್ನು ಊಹಿಸಲವಕಾಶವುಂಟು. ಒಂದು ಹಗೇವು. ನೆಲದೊಳಗೆ ತೋಡಿ, ಒಳಗೆ ಕಣಿಕೆ ಹುಲ್ಲನ್ನು ಹೊದಿಸಿ, ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಹಾಸಿ ಮಣ್ಣು ಮೆತ್ತಿದ ಹಗೇವಿನಲ್ಲಿ ಕಾಳು ಹಲವು ವರ್ಷ ಕೆಡದೆ ಇರುತ್ತದೆ. ಮೇಲೆ ನಡೆದುಹೋದವನಿಗೆ ಅದರ ಸುಳಿವೂ ಸಿಕ್ಕುವುದಿಲ್ಲ. ಅದನ್ನು ಬರಗಾಲಕ್ಕಾಗಿ ಮಾಡಿದ ಉಪಾಯವೆಂದು ಸಾಮಾನ್ಯವಾಗಿ ಹೇಳುತ್ತಾರೆ. ದಂಡಿಗಾಗಿಯೂ ಮಾಡಿದ್ದೆಂದು ನಾವು ಸೇರಿಸುತ್ತೇವೆ. ಇನ್ನೊಂದು ಊರು ಬಿಟ್ಟು ಹೋಗುವುದು. ಎತ್ತುಗಳನ್ನೂ ಬಿತ್ತನೆಯ ಬೀಜವನ್ನೂ ಹೊಡೆದುಕೊಂಡು ಹೊಳೆಯಾಚೆಯ ನೆಂಟರ ಊರಿಗೆ ಸೇರಿ, ದಂಡು ತೆಗೆದ ಮೇಲೆ ಮರಳುವುದು. ಮರಳಿದವನಿಗೆ ತನ್ನ ಹಳೆಯ ಹೊಲವೇ ಸಿಕ್ಕಿತೆಂದು ಹೇಳಬರುವಂತಿಲ್ಲ. ಪಾಳುಬಿದ್ದ ಭೂಮಿಯನ್ನು ಸಾಗುವಳಿಗೆ ತರಲು ಅಧಿಕಾರಿಗಳು ಕೆಲವು ವರ್ಷ ತೆರಿಗೆಯನ್ನು ಇಳಿಸಿ ಕೊಡುತ್ತಿದ್ದ ಅಭಯಪತ್ರಕ್ಕೆ ದಖ್ಖಣದಲ್ಲೆಲ್ಲ ಕೌಲು ಎಂದು ಹೆಸರು. ಕೌಲು ಹಿಡಿದು ಬಂದವನು ಹಳಬನೂ ಆಗಿರಬಹುದು, ಹೊಸಬನೂ ಆಗಿರಬಹುದು. ಈ ಪ್ರಾಂತದಲ್ಲಿ ‘ನಾವು ಮೂಲದಿಂದ ಇಲ್ಲಿಯವರೇ’ ಎನ್ನುವ ಮನೆತನಗಳಲ್ಲಿ ಎಷ್ಟೋ ಇಂಥ ಕೌಲಿನ ಕಾಲಕ್ಕೆ ಬಂದು ಸೇರಿದವುಗಳಾಗಿರಬೇಕು. ಇದರಿಂದ ಅವುಗಳ ಗೌರವಕ್ಕೆ ಕುಂದೇನೂ ಇಲ್ಲ. ೧೭೯೧-೯೨ರ ತಲೆಬುರುಡೆಯ ಬರ, ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಬರ, ಇವೆರಡೂ ದಖ್ಖಣದ ಊರುಗಳನ್ನು ಬರಿದುಮಾಡಿ ಮತ್ತೆ ತುಂಬಿಸಿದುವು. ೧೭೦೫ರಿಂದೀಚೆಗೆ ಮುನ್ನೂರ ಇಪ್ಪತ್ತು ವರ್ಷಗಳು ಕಳೆದಿವೆ. ತಲೆಮಾರಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವರ್ಷವೆಂದರೂ ಹನ್ನೊಂದು ಹನ್ನೆರಡು ತಲೆಮಾರುಗಳಾದುವು. ಮನೆಯ ಹಿರಿಯರು ಬಾಯಿಂದ ಎಣಿಸಬಲ್ಲದ್ದು ಐದು, ಹೆಚ್ಚೆಂದರೆ ಏಳು. ಅದರಾಚೆಯದು ಕುಲದೇವರಿಗೆ ಸೇರಿದ್ದು.

ವಾಗಣಗೇರೆಯ ಅನಂತರ ನಾಯಕರ ರಾಜಧಾನಿಯು ಸುರಪುರವಾಯಿತು. ಈ ಸಂಸ್ಥಾನದ ರಾಜಕೀಯ ಚರಿತ್ರೆಯನ್ನು ಕಪಟರಾಳ ಕೃಷ್ಣರಾಯರು ಬರೆದಿದ್ದಾರೆ. ಅದನ್ನು ಇಲ್ಲಿ ಪುನರುಕ್ತಿಗೊಳಿಸಬೇಕಾಗಿಲ್ಲ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಸಂಸ್ಥಾನದ ಬಲವು ಅದರ ಬೇಡ ಪಡೆಯಲ್ಲಿತ್ತು, ಆ ಪಡೆಯು ಸಂಬಳದ ಪಡೆಯಾಗಿರದೆ ನೆಲದ ಪಡೆಯಾಗಿತ್ತು. ಕರೆದಾಗ ಕತ್ತಿ ಬಂದೂಕುಗಳೊಡನೆ ಬರತಕ್ಕದ್ದೆಂಬ ಕರಾರಿನ ಮೇಲೆ ಮನೆತನಗಳು ಹೊಲಗಳನ್ನು ಅನುಭವಿಸುತ್ತಿದ್ದುವು. ಇಂಥ ಮನೆಯಲ್ಲಿ ಯೋಧನೂ ಒಕ್ಕಲಿಗನೂ ಒಬ್ಬನೇ. ಅಥವಾ ಅಣ್ಣನು ದಂಡಿಗೆ ಹೋದರೆ ತಮ್ಮನು ರಂಟೆ ಹಿಡಿಯುವನು. ಊರಿನ ಒಕ್ಕಲೆಲ್ಲ ಬೇಡರೇ ಆಗಿದ್ದರೆಂದು ಇದರಿಂದ ತಿಳಿಯಬಾರದು. ಲಿಂಗಾಯತರು, ಕುರುಬರು, ಮುಸಲ್ಮಾನರು, ಮಾದಿಗರು, ಹೊಲೆಯರು, ಇವರೆಲ್ಲರ ದುಡಿಮೆಯಿಂದ ಈ ಸೀಮೆಯ ಬೇಸಾಯವು ನಡೆಯಿತು. ಆದರೆ ಅವರು ನೆಲವನ್ನು ಹಿಡಿದ ಬಗೆಗಳು ಬೇರೆ ಬೇರೆ. ಕೆಲವರಿಗೆ ಅದನ್ನು ಹಿಡಿಯುವ ಯೋಗವೇ ಇರಲಿಲ್ಲ. ಬೇಡ ಮನೆಯ ಹಕ್ಕು ಸೇವೆಯಿಂದ, ಇತರ ಒಕ್ಕಲಿನ ಹಕ್ಕು ತೆರಿಗೆಯಿಂದ, ಆಳಿನ ಹಕ್ಕು ಕಣದ ಮೂಲೆಯಲ್ಲಿ ಅಳೆದುಕೊಟ್ಟ ಆಯದಿಂದ.

೧೮೪೧ರಿಂದ ೧೮೫೩ರವರೆಗೆ ಮೆಡೋಸ್ ಟೇಲರನು ಸುರಪುರದಲ್ಲಿದ್ದನು. ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪನು ಬಾಲಕ. ಸಂಸ್ಥಾನವು ನಿಜಾಮನಿಗೆ ಕೊಡಬೇಕಾದ ಕಪ್ಪದ ಬಾಕಿಯಲ್ಲಿ ಮುಳುಗಿತ್ತು. ಬಾಕಿಯ ಭಾರವು ಕೊನೆಗೆ ಇಳಿಯುವುದು ಒಕ್ಕಲಿನ ಮೇಲೆಯೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟೇಲರನ ಆತ್ಮಕಥೆಯು (೧೮೭೭) ಆ ಕಾಲಕ್ಕೆ ಒಂದು ಬೆಲೆಯುಳ್ಳ ಆಧಾರ. ತನ್ನ ಕಾರ್ಯವನ್ನು ತಾನೇ ಬಣ್ಣಿಸುವವನ ಬರಹವೆಂಬ ಎಚ್ಚರವು ಮಾತ್ರ ಓದುವವನಲ್ಲಿರಬೇಕು. ನಾಯಕರ ಕಾಲದ ಬೋನಾಳ ಕೆರೆಯನ್ನು ಆತನು ಬಲಪಡಿಸಿದ್ದು ಇಂದಿಗೂ ಕಣ್ಣಿಗೆ ಕಾಣುವ ಸಾಕ್ಷ್ಯವಾಗಿದೆ. ಈಗ ಅದು ಹಕ್ಕಿಗಳ ತಾಣವೆಂದು ಹೆಸರಾಗಿದೆ. ಕೆರೆಯ ಕೆಳಗಣ ಕೆಲವೇ ಮನೆತನಗಳು ಗದ್ದೆಯ ಒಕ್ಕಲಾದುವು. ಉಳಿದ ಸೀಮೆಯು ಮುಗಿಲನ್ನೇ ನೋಡುತ್ತಿತ್ತು.

೧೮೫೮ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ವಿರುದ್ಧ ಎದ್ದು ಸೋತು, ಸೆರೆಯಾಗಿ, ಅದೇ ವರ್ಷ ಸೆರೆಯಲ್ಲಿದ್ದಾಗಲೇ ಗುಂಡಿನಿಂದ ಮರಣಹೊಂದಿದನು. ೧೮೬೦ರ ಒಪ್ಪಂದದಂತೆ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಈ ಘಟನೆಗಳನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುವುದು ರೂಢಿಯಾಗಿದೆ, ಅದು ನ್ಯಾಯವೂ ಹೌದು. ಒಕ್ಕಲು ಮನೆತನದ ಕಡೆಯಿಂದ ನೋಡಿದರೆ ಅದರಲ್ಲಿ ಮತ್ತೊಂದು ಅರ್ಥವೂ ಅಡಗಿದೆ. ಅರಸನಿಲ್ಲದ ಮೇಲೆ ಸೇವೆಯಿಲ್ಲ. ಸೇವೆಯಿಲ್ಲದ ಮೇಲೆ ಸೇವೆಯ ಹೊಲಕ್ಕೆ ಆಧಾರವಿಲ್ಲ. ತಂದೆಯು ಕತ್ತಿಯ ಬಲದಿಂದ ಅನುಭವಿಸಿದ ಹೊಲವನ್ನು ಮಗನು ಕಂದಾಯದ ಬಲದಿಂದ ಉಳಿಸಿಕೊಳ್ಳಬೇಕಾಯಿತು. ಹೊಲ ಅದೇ, ಮನೆ ಅದೇ, ಎತ್ತಿನ ಕೊರಳ ಗಂಟೆಯೂ ಅದೇ ಇರಬಹುದು. ಆದರೆ ‘ನಮ್ಮದು’ ಎಂಬ ಮಾತಿನ ಅರ್ಥವು ಒಂದೇ ತಲೆಮಾರಿನೊಳಗೆ ಬದಲಾಯಿತು. ಈ ಸೀಮೆಯ ಒಕ್ಕಲುತನದ ಚರಿತ್ರೆಯಲ್ಲಿ ೧೮೫೮ಕ್ಕಿಂತ ದೊಡ್ಡ ಎಲ್ಲೆಗಲ್ಲನ್ನು ನಾವು ಕಾಣೆವು. ೧೯೪೮ಕ್ಕೂ ಆ ಸ್ಥಾನವನ್ನು ಕೊಡಲಾರೆವು.

ನಿಜಾಮನ ಆಳಿಕೆಗೆ ಬಂದ ಮೇಲೆ ಮನೆತನವು ಕಾಗದದೊಳಗೆ ಪ್ರವೇಶಿಸುತ್ತದೆ. ದಿವಾನ ಸಾಲಾರಜಂಗನು ಕಂದಾಯದ ಗುತ್ತಿಗೆಯ ಪದ್ಧತಿಯನ್ನು ಕಿತ್ತು, ೧೮೬೫ರ ಜಿಲ್ಲಾಬಂದಿಯಿಂದ ಜಿಲ್ಲೆ ತಾಲ್ಲೂಕುಗಳನ್ನು ಏರ್ಪಡಿಸಿದನು. ಮುಂಬಯಿಯ ಮಾದರಿಯಲ್ಲಿ ಭೂಮಾಪನವೂ ನಡೆಯಿತು. ಸುರಪುರ, ಶಹಾಪುರ ತಾಲ್ಲೂಕುಗಳು ಮೊದಲು ಲಿಂಗಸುಗೂರು ಜಿಲ್ಲೆಗೆ ಸೇರಿದ್ದು, ೧೯೦೫ರಲ್ಲಿ ಆ ಜಿಲ್ಲೆಯು ಒಡೆದಾಗ ಗುಲಬರ್ಗಾ ಜಿಲ್ಲೆಗೆ ಬಂದುವು. ಒಂದು ಮನೆತನದ ಹಳೆಯ ಕಾಗದಗಳನ್ನು ಗುಲಬರ್ಗೆಯ ದಫ್ತರಗಳಲ್ಲಿ ಮಾತ್ರ ಹುಡುಕಿ ‘ಏನೂ ಸಿಕ್ಕಲಿಲ್ಲ’ ಎಂದು ಕೈಚೆಲ್ಲುವ ವಿದ್ಯಾರ್ಥಿಗಳು ಈ ಸಂಗತಿಯನ್ನು ಗಮನಿಸಬೇಕು. ೧೯೦೫ಕ್ಕೆ ಹಿಂದಿನದನ್ನು ಹುಡುಕುವವನು ಲಿಂಗಸುಗೂರಿನ ಹೆಸರನ್ನು ಮರೆಯಬಾರದು. ಹೈದರಾಬಾದಿನ ಪ್ರಾಚ್ಯಪತ್ರಾಗಾರವನ್ನೂ ನೋಡದೆ ಬಿಡಬಾರದು.

ಈ ಕಾಗದಗಳನ್ನು ಓದುವಲ್ಲಿ ಮೂರು ತೊಡಕುಗಳುಂಟು. ಮೊದಲನೆಯದು ಕಾಲದ್ದು. ದಾಖಲೆಗಳಲ್ಲಿರುವುದು ಫಸಲಿ ವರ್ಷ. ಫಸಲಿಗೆ ಸುಮಾರು ೫೯೦ನ್ನು ಕೂಡಿದರೆ ಕ್ರಿಸ್ತವರ್ಷವು ಬರುತ್ತದೆ. ಹೈದರಾಬಾದು ಭೂಕಂದಾಯದ ಕಾಯಿದೆಯು ಫಸಲಿ ೧೩೧೭ರದು, ಎಂದರೆ ೧೯೦೭. ಫಸಲಿ ವರ್ಷವು ಜನವರಿಯಲ್ಲಿ ಆರಂಭವಾಗುವುದಿಲ್ಲವಾದ್ದರಿಂದ ಒಂದು ವರ್ಷದ ಹೆಚ್ಚು ಕಡಮೆಯು ಸುಲಭವಾಗಿ ನುಸುಳುತ್ತದೆ. ಈ ತಪ್ಪು ನಮ್ಮಿಂದಲೂ ಆದದ್ದುಂಟು. ಫಸಲು ಎಂಬ ಮಾತಿನಿಂದಲೇ ಬಂದ ವರ್ಷಮಾನವು ಬೆಳೆ ಬೆಳೆದವನಿಗೇ ತಿಳಿಯದಂತಾದದ್ದು ವಿಚಿತ್ರವೇ ಸರಿ.

ಎರಡನೆಯದು ಭಾಷೆಯದು. ಸರಕಾರದ ಭಾಷೆಯು ಮೊದಲು ಫಾರಸಿ, ೧೮೮೪ರಿಂದ ಉರ್ದು. ಪಟವಾರಿಯು ಬರೆದು ಕೊಟ್ಟ ಪಾವತಿಯನ್ನು ಒಕ್ಕಲಿಗನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟನು. ಅದರಲ್ಲಿ ಏನಿದೆಯೆಂಬುದು ಅವನಿಗೆ ತಿಳಿಯದು. ತನ್ನ ಹೊಲದ ಎಕರೆ ಗುಂಟೆಗಳನ್ನು ತಾನು ಓದಲಾರದ ಲಿಪಿಯಲ್ಲಿ ಮೂರು ನಾಲ್ಕು ತಲೆಮಾರು ಕಾಪಾಡಿದ ಮನೆತನಗಳಿವು. ಈ ಪರಾವಲಂಬನೆಯು ಪಟವಾರಿಗೆ ಕೊಟ್ಟ ಅಧಿಕಾರವನ್ನು ಯಾವ ಕಾಯಿದೆಯೂ ಕೊಟ್ಟಿರಲಾರದು. ಆದರೂ ಉರ್ದುವಿನ ಮಾತುಗಳು ಒಕ್ಕಲಿಗನ ಕನ್ನಡದಲ್ಲಿ ಬೇರುಬಿಟ್ಟುವು: ಪಹಣಿ, ಪಟ್ಟಾ, ಕಬ್ಜಾ, ಹಿಸ್ಸೆ, ಖುಷ್ಕಿ, ಬಂಜರು. ಲಿಪಿ ತಿಳಿಯದಿದ್ದರೂ ಮಾತಿನ ತೂಕವು ಚೆನ್ನಾಗಿ ತಿಳಿದಿತ್ತು.

ಮೂರನೆಯ ತೊಡಕೇ ಮುಖ್ಯವಾದದ್ದು. ದಾಖಲೆಯು ಯಾರನ್ನು ಬರೆಯುತ್ತದೆ, ಯಾರನ್ನು ಬಿಡುತ್ತದೆ? ಕಂದಾಯಕ್ಕೆ ಹೊಣೆಯಾದವನು ಪಟ್ಟೇದಾರ. ಅವನೊಡನೆ ಪಾಲುಳ್ಳವನು ಶಿಕ್ಮಿದಾರ. ಪಾಲಿಗೋ ಲಾವಣಿಗೋ ಹಿಡಿದು ಬಿಸಿಲಲ್ಲಿ ನಿಂತು ಉತ್ತವನಿಗೆ ಬಹುಕಾಲ ಅಂಕಣವೇ ಇರಲಿಲ್ಲ. ಇದ್ದಾಗಲೂ ಪಟೇಲ ಪಟವಾರಿಗಳ ಮರ್ಜಿಯಿಲ್ಲದೆ ಹೆಸರು ಅದರಲ್ಲಿ ಬೀಳುತ್ತಿರಲಿಲ್ಲ. ಆದ್ದರಿಂದ ದಾಖಲೆಯಿಂದ ಬರೆದ ಮನೆತನದ ಚರಿತ್ರೆಯು ಪಟ್ಟೇದಾರನ ಚರಿತ್ರೆಯಾಗುತ್ತದೆಯೇ ಹೊರತು ಬೇಸಾಯದ ಚರಿತ್ರೆಯಾಗುವುದಿಲ್ಲ.

ಹೆಂಗಸರ ವಿಷಯದಲ್ಲಂತೂ ಮೌನವೇ ಮೌನ. ಗಂಡನು ಸತ್ತು ಮಗನು ಚಿಕ್ಕವನಾದಾಗ ಮಾತ್ರ ತಾಯಿಯ ಹೆಸರು ಮೇಲಕ್ಕೆ ಬಂದು, ಮಗನು ಬೆಳೆದೊಡನೆ ಇಳಿಯುತ್ತದೆ. ಅರಮನೆಯಲ್ಲೂ ಗುಡಿಸಿಲಿನಲ್ಲೂ ಇದು ಒಂದೇ. ಬಾಲಕನಾದ ವೆಂಕಟಪ್ಪನ ಪರವಾಗಿ ರಾಣಿ ಈಶ್ವರಮ್ಮನು ಸಂಸ್ಥಾನದ ಕಾರ್ಯದಲ್ಲಿ ತೊಡಗಿದ್ದರಿಂದಲೇ ಆಕೆಯ ಹೆಸರು ನಮಗೆ ತಿಳಿದಿದೆ. ಒಕ್ಕಲು ಮನೆಯಲ್ಲಿ ಬೀಜವನ್ನು ಆರಿಸಿ ಬೂದಿ ಬೆರೆಸಿ ಕಾಪಾಡುವವಳು, ಕಳೆ ತೆಗೆಯುವವಳು, ಹತ್ತಿ ಬಿಡಿಸುವವಳು, ಎಳ್ಳಮಾವಾಸ್ಯೆಯ ಬುತ್ತಿ ಕಟ್ಟಿ ನಿಂತ ಜೋಳದ ಬೆಳೆಗೆ ಚರಗವನ್ನು ಸಿದ್ಧಮಾಡುವವಳು, ಇವಳಿಗೆ ಸೇತವಾರಿನಲ್ಲಿ ಅಂಕಣವಿಲ್ಲ. ಮದುವೆಯಾಗಿ ಬೇರೆ ಊರಿನಿಂದ ಬಂದವಳು ತನ್ನ ತವರಿನ ಬೀಜವನ್ನೂ ಹಾಡನ್ನೂ ಅಡಿಗೆಯನ್ನೂ ತಂದಳು. ಮನೆತನವೆಂದು ನಾವು ಕರೆಯುವುದರ ಅರ್ಧವು ಪ್ರತಿ ತಲೆಮಾರಿನಲ್ಲಿಯೂ ಹೊರಗಿನಿಂದ ಬಂದದ್ದು. ವಂಶಾವಳಿಯನ್ನು ಬರೆಯುವವರು ಇದನ್ನು ಮರೆಯುತ್ತಾರೆ.

ಪಾಲಿನ ಲೆಕ್ಕವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಉದಾಹರಣೆಗಾಗಿ, ೧೮೬೦ರ ಸುಮಾರಿನಲ್ಲಿ ಒಂದು ಮನೆಗೆ ೪೮ ಎಕರೆ ಇತ್ತೆಂದೂ ಪ್ರತಿ ತಲೆಮಾರಿನಲ್ಲಿ ಇಬ್ಬರು ಗಂಡುಮಕ್ಕಳು ಉಳಿದರೆಂದೂ ಇಟ್ಟುಕೊಳ್ಳೋಣ. ಮಕ್ಕಳಿಗೆ ೨೪, ಮೊಮ್ಮಕ್ಕಳಿಗೆ ೧೨, ಅವರ ಮಕ್ಕಳಿಗೆ ೬, ಮುಂದಿನವರಿಗೆ ೩. ನಾಲ್ಕು ತಲೆಮಾರಿನಲ್ಲಿ ದೊಡ್ಡ ಒಕ್ಕಲು ಸಣ್ಣ ಹಿಡುವಳಿಯಾಯಿತು. ಇದಕ್ಕೆ ಯಾವ ಅರಸನ ಅನ್ಯಾಯವೂ ಬೇಕಾಗಲಿಲ್ಲ. ಅದೂ ಬರಿಯ ಎಕರೆಯ ಲೆಕ್ಕ. ಎರೆಯಲ್ಲಿಯೂ ಮಸಾರಿಯಲ್ಲಿಯೂ ಪಾಲು ಬೇಕೆಂದು ಪ್ರತಿಯೊಬ್ಬನೂ ಕೇಳುವುದರಿಂದ ಪ್ರತಿ ಹೊಲವೂ ಉದ್ದಕ್ಕೆ ಸೀಳುತ್ತದೆ. ರಂಟೆ ತಿರುಗಿಸಲು ಜಾಗವಿಲ್ಲದ ಪಟ್ಟಿಗಳಾಗುತ್ತವೆ. ಬಾವಿಯಿದ್ದರೆ ನೀರಿನ ಪಾಳಿ, ಬೇವಿನ ಮರವಿದ್ದರೆ ನೆರಳಿನ ವ್ಯಾಜ್ಯ, ಬದುವಿನ ಹುಲ್ಲಿಗೂ ಪಾಲು. ಎತ್ತನ್ನು ಮಾತ್ರ ಸೀಳಲಾಗದು. ಒಂದೊಂದೇ ಎತ್ತುಳ್ಳ ಅಣ್ಣತಮ್ಮಂದಿರು ಮಾತು ಬಿಟ್ಟ ಮೇಲೂ ಬಿತ್ತನೆಗೆ ಜೋಡಿ ಹೂಡುವುದನ್ನು ಬಿಡಲಾಗುತ್ತಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ, ಕೂಡುಕುಟುಂಬವನ್ನು ಕೂಡಿಸಿಟ್ಟದ್ದು ಧರ್ಮಶಾಸ್ತ್ರಕ್ಕಿಂತ ಹೆಚ್ಚಾಗಿ ಈ ಜೋಡೆತ್ತು.

ಹಂಚಿಕೆಯ ಮತ್ತೊಂದು ಸ್ಥಳವು ಕಣ. ಮೇಟಿಯ ಸುತ್ತ ಹಂತಿ ಹೂಡಿ, ಹಂತಿಪದ ಹಾಡಿ, ತೂರಿ, ರಾಶಿಮಾಡಿದ ಜೋಳವು ಮನೆಗೆ ಹೋಗುವ ಮೊದಲೇ ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಮಾದಿಗ, ಇವರ ಆಯಗಳು ಅಳೆದು ಹೋಗಬೇಕು. ಅವರ ಮನೆತನಗಳೂ ಒಕ್ಕಲು ಮನೆತನದಷ್ಟೇ ಹಳೆಯವು. ಅದೇ ಹೊಲದ ಮೇಲೆಯೇ ಬದುಕಿದುವು. ಪಟ್ಟೇದಾರನ ಹೊಲವು ಮಕ್ಕಳಲ್ಲಿ ಹರಿದು ಸಣ್ಣದಾದಾಗ ಆಯದ ಅಳತೆಯೂ ಸಣ್ಣದಾಯಿತು. ಅದನ್ನು ನಂಬಿದವರು ಮೊದಲು ಊರು ಬಿಟ್ಟರು. ಈ ಹೊರಡುವಿಕೆಯು ಯಾವ ಪಹಣಿಯಲ್ಲಿಯೂ ದಾಖಲಾಗಿಲ್ಲ, ಏಕೆಂದರೆ ಅವರ ಹೆಸರಿನಲ್ಲಿ ನೆಲವಿರಲಿಲ್ಲ.

೧೯೪೮ರ ಸೆಪ್ಟೆಂಬರಿನ ಪೊಲೀಸು ಕಾರ್ಯಾಚರಣೆಯಿಂದ ಹೈದರಾಬಾದು ಭಾರತದಲ್ಲಿ ಸೇರಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ೧೯೫೦ರಲ್ಲಿ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯು ಬಂದು ‘ರಕ್ಷಿತ ಕೌಲುದಾರ’ ಎಂಬ ಹೊಸ ವ್ಯಕ್ತಿಯನ್ನು ಸೃಷ್ಟಿಸಿತು. ಕೌಲು ಎಂಬ ಮಾತಿನ ಪ್ರಯಾಣವನ್ನು ನೋಡಬೇಕು. ಹಿಂದೆ ಅದು ಸರಕಾರವು ಒಕ್ಕಲಿಗನಿಗೆ ಕೊಟ್ಟ ಅಭಯ. ನಿಜಾಮನ ಕಾಲಕ್ಕೆ ಪಟ್ಟೇದಾರನು ಉಳುವವನಿಗೆ ಕೊಟ್ಟ ಗೇಣಿ. ಈಗ ಅದರಿಂದಲೇ ಉಳುವವನಿಗೆ ಹಕ್ಕು. ಆ ಕಾಯಿದೆಯ ಕಾರಣದಿಂದ, ಮತ್ತು ೧೯೫೪-೫೫ರ ಖಾಸ್ರಾ ಪಹಣಿಯಿಂದ, ಉತ್ತವನ ಹೆಸರು ಎಷ್ಟೋ ಕಡೆ ಮೊದಲ ಬಾರಿಗೆ ಬರಹದಲ್ಲಿ ಬಿದ್ದಿತು. ಬೀಳುವ ಮೊದಲೇ ಹೊಲವನ್ನು ಬಿಡಿಸಿಕೊಂಡ ಒಡೆಯರೂ ಇದ್ದರು. ೧೯೫೬ರ ನವೆಂಬರ್ ಒಂದರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿ, ದಾಖಲೆಗಳು ಕನ್ನಡಕ್ಕೆ ತಿರುಗಲಾರಂಭಿಸಿದುವು. ಅಜ್ಜನ ಹೆಸರು ಉರ್ದುವಿನಿಂದ ಕನ್ನಡಕ್ಕೆ ಬರುವಾಗ ಅಕ್ಷರ ತಪ್ಪಿ ಬೇರೊಬ್ಬನ ಹೆಸರಿನಂತಾದರೆ ಮೊಮ್ಮಗನು ತಾನು ಅವನ ಮೊಮ್ಮಗನೇ ಎಂದು ಸಾಧಿಸಬೇಕಾಗುತ್ತದೆ.

೧೯೬೧ರ ಭೂಸುಧಾರಣೆಯ ಕಾಯಿದೆಯು ೧೯೬೫ರಲ್ಲಿ ಜಾರಿಗೆ ಬಂದರೂ ಅದರ ಬಲವು ಕಂಡದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. ೧೯೭೪ರ ಮಾರ್ಚ್ ಒಂದರಿಂದ ಗೇಣಿಯ ಭೂಮಿಯು ಸರಕಾರದಲ್ಲಿ ನಿಹಿತವಾಯಿತು. ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಸಲ್ಲಿಸಿ ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸಾಧಿಸಬೇಕಾಯಿತು. ಅರ್ಜಿಯ ಗಡುವು ೧೯೭೯ರ ಜೂನ್ ೩೦ರವರೆಗೂ ಬೆಳೆಯಿತು. ಚರಿತ್ರಕಾರನಿಗೆ ಈ ಮಂಡಳಿಗಳ ಕಡತಗಳು ಅಮೂಲ್ಯವಾದವು. ತಲೆಮಾರುಗಳಿಂದ ಬಾಯಿಮಾತಿನಲ್ಲಿದ್ದ ಒಕ್ಕಲುತನವು ಸಾಕ್ಷಿಯ ಹೇಳಿಕೆಯಾಗಿ ಬರಹಕ್ಕೆ ಇಳಿ��ದ್ದು ಇಲ್ಲಿಯೇ: ಯಾರ ತಂದೆ ಯಾವ ಹೊಲವನ್ನು ಯಾವಾಗಿನಿಂದ ಉತ್ತನು, ರಾಶಿಯಲ್ಲಿ ಎಷ್ಟು ಚೀಲ ಅಳೆದನು, ಪಾವತಿ ಕೇಳಿದಾಗ ಒಡೆಯನು ಏನೆಂದನು. ತಾಲ್ಲೂಕಿನ ಕಚೇರಿಗಳಲ್ಲಿ ಗೆದ್ದಲಿಗೂ ತೇವಕ್ಕೂ ಬಿಟ್ಟಿರುವ ಇಂಥ ಕಡತಗಳು ಶಾಸನಗಳಿಗಿಂತ ಕಡಮೆ ಬೆಲೆಯವೆಂದು ಭಾವಿಸುವ ವಿದ್ವಾಂಸರೊಡನೆ ನಮಗೆ ಭಿನ್ನಾಭಿಪ್ರಾಯವುಂಟು. ಶಾಸನದ ಕಲ್ಲು ಇನ್ನು ನೂರು ವರ್ಷ ಕಾಯಬಲ್ಲದು, ಈ ಕಾಗದವು ಕಾಯಲಾರದು.

ಕೃಷ್ಣೆಯು ದೇವಾಪುರದ ಸೀಮೆಗೆ ಸಮೀಪದಲ್ಲಿಯೇ ಹರಿಯುತ್ತಿದ್ದರೂ ಒಣಬೇಸಾಯದ ಒಕ್ಕಲಿಗೆ ಅದು ಬಹುಕಾಲ ದಾಟುವ ಹೊಳೆಯಾಗಿತ್ತೇ ಹೊರತು ನೀರುಣಿಸುವ ಹೊಳೆಯಾಗಿರಲಿಲ್ಲ. ೧೯೬೪ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯವು ೧೯೮೨ರಲ್ಲಿ ಪೂರ್ಣವಾಯಿತು. ಎಡದಂಡೆಯ ಕಾಲುವೆಯೂ ಅದರ ಹುಣಸಗಿ, ಶಹಾಪುರ ಮೊದಲಾದ ಶಾಖೆಗಳೂ ಸುರಪುರ ಶಹಾಪುರಗಳ ಎರೆನೆಲಕ್ಕೆ ನೀರನ್ನು ತಂದುವು. ಜೋಳದ ಹೊಲವು ಭತ್ತದ ಗದ್ದೆಯಾಯಿತು. ಭತ್ತದ ಬೇಸಾಯವನ್ನು ಬಲ್ಲ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಹೂಡಿ, ಹೊಲಗಳನ್ನು ಕೊಂಡರು ಅಥವಾ ಲೀಜಿಗೆ ಹಿಡಿದರು. ಮೂರೋ ನಾಲ್ಕೋ ಎಕರೆಯುಳ್ಳ ಹಳೆಯ ಪಟ್ಟೇದಾರನ ಮೊಮ್ಮಗನು, ಗೊಬ್ಬರ ಔಷಧಿಗಳ ಖರ್ಚನ್ನು ತಾಳಲಾರದೆ ಹೊಲವನ್ನು ಲೀಜಿಗೆ ಕೊಟ್ಟು, ತಾನು ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ದುಡಿಯಲು ಹೋದ ಉದಾಹರಣೆಗಳು ಈ ಸೀಮೆಯಲ್ಲಿ ಸಾಕಷ್ಟಿವೆ. ಪಟ್ಟಾ ಅವನ ಹೆಸರಿನಲ್ಲಿಯೇ ಉಂಟು, ಉಳುವವನು ಬೇರೆ; ಲೀಜಿನ ಕರಾರು ಬಾಯಿಮಾತಿನದು, ಏಕೆಂದರೆ ಗೇಣಿಯನ್ನು ೧೯೭೪ರ ಶಾಸನವು ನಿಷೇಧಿಸಿದೆ. ಉಳುವವನ ಹೆಸರು ಮತ್ತೆ ಕಾಗದದಿಂದ ಮರೆಯಾಯಿತು. ನಿಜಾಮನ ಕಾಲದ ಪಹಣಿಯನ್ನು ಓದಿ ಬಲ್ಲವರಿಗೆ ಈ ಮರೆಯು ಹೊಸದಾಗಿ ತೋರುವುದಿಲ್ಲ. ಕಾಲುವೆಯ ಬಾಯಿಂದ ದೂರವಿರುವ ಹೊಲಗಳಲ್ಲಿ ಈಗಲೂ ಸಜ್ಜೆ, ತೊಗರಿ, ಹತ್ತಿಗಳೇ. ಅಲ್ಲಿಯ ಮನೆತನಗಳಿಗೆ ‘ನೀರಾವರಿ ತಾಲ್ಲೂಕಿನವರು’ ಎಂಬ ಹೆಸರು ಮಾತ್ರ ಬಂದಿದೆ.

೨೦೦೯ರಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾದಾಗ ಸುರಪುರ, ಶಹಾಪುರಗಳು ಮತ್ತೊಮ್ಮೆ ಜಿಲ್ಲೆಯನ್ನು ಬದಲಿಸಿದುವು. ಕಡತಗಳೂ ಮತ್ತೊಮ್ಮೆ ಗಾಡಿಯೇರಿದುವು. ಅದಕ್ಕೆ ಮೊದಲೇ, ೨೦೦೦ದ ಆಸುಪಾಸಿನಲ್ಲಿ, ‘ಭೂಮಿ’ ಯೋಜನೆಯಂತೆ ಪಹಣಿಗಳು ಗಣಕಯಂತ್ರಕ್ಕೆ ಏರಿದ್ದುವು. ಆಗ ಕೈಬರಹದ ಪಹಣಿಯಲ್ಲಿದ್ದ ಒಂದು ವಿಶೇಷವು ಹಿಂದೆ ಬಿದ್ದಿತು. ಹಳೆಯ ಪುಸ್ತಕಗಳ ಅಂಚಿನಲ್ಲಿ ಕೆಲವೊಮ್ಮೆ ಹೊಲದ ಹೆಸರಿರುತ್ತಿತ್ತು. ಈಗ ಸರ್ವೆ ನಂಬರು ಹಿಸ್ಸೆ ನಂಬರುಗಳು ಮಾತ್ರ. ಒಕ್ಕಲಿಗನು ಹೊಲವನ್ನು ಅಂಕಿಯಿಂದ ಕರೆಯುವವನಲ್ಲ. ಬಾವಿಯಿಂದ, ಮರದಿಂದ, ಹಳ್ಳದಿಂದ, ಹಿಂದೊಮ್ಮೆ ಅದನ್ನು ಉತ್ತವನಿಂದ, ಅಲ್ಲಿ ಮಣ್ಣಾದವರಿಂದ ಹೊಲಗಳಿಗೆ ಹೆಸರು. ಒಂದು ಹೊಲವನ್ನು ಈಗಿನ ಪಟ್ಟೇದಾರರ ಕುಲಕ್ಕೆ ಸಂಬಂಧವಿಲ್ಲದ ಮತ್ತೊಂದು ಕುಲದ ಹೆಸರಿನಿಂದ ಊರವರೆಲ್ಲ ಕರೆಯುತ್ತಿದ್ದರೆ, ಯಾವುದೋ ಬರದಲ್ಲೋ ದಂಡಿನಲ್ಲೋ ಸಾಲದಲ್ಲೋ ಊರುಬಿಟ್ಟ ಮನೆತನದ ಗುರುತು ಅದೊಂದೇ ಉಳಿದಿದೆಯೆಂದು ತಿಳಿಯಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಕಾಗದವು ತಡವಾಗಿ ಬಾಯಿ ತೆರೆದಿದೆ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ, ೧೯೯೪ರ ಕರ್ನಾಟಕದ ತಿದ್ದುಪಡಿ, ೨೦೦೫ರ ಕೇಂದ್ರದ ತಿದ್ದುಪಡಿ, ಇವುಗಳಿಂದ ಮಗಳು ಮಗನಂತೆಯೇ ಪಾಲಿಗೆ ಬಾಧ್ಯಳಾದಳು. ಅಣ್ಣತಮ್ಮಂದಿರಿಗೆ ಹಕ್ಕುಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟನ್ನು ಒತ್ತಿಕೊಟ್ಟು ತವರಿನ ದಾರಿಯನ್ನು ಉಳಿಸಿಕೊಂಡವರೇ ಬಹಳವಾದರೂ, ಆ ಬಿಡುಗಡೆಯ ಪತ್ರದಲ್ಲಿಯೇ ಅವರ ಹೆಸರು, ಅವರನ್ನು ಕೊಟ್ಟ ಊರು, ಅವರ ವಯಸ್ಸು ನಮೂದಾಗುತ್ತವೆ. ಮೂರು ಶತಮಾನಗಳ ಕಾಲ ಕಾಣದಿದ್ದ ಮನೆತನದ ಅರ್ಧವು ಹೀಗೆ, ತನ್ನ ಪಾಲನ್ನು ಬಿಟ್ಟುಕೊಡುವ ಕಾಗದದಲ್ಲಿ, ದಾಖಲೆಗೆ ಬರುತ್ತಿದೆ. ಸುರಪುರ ತಾಲ್ಲೂಕಿನ ಉಪನೋಂದಣಿ ಕಚೇರಿಯ ಇಂಥ ಪತ್ರಗಳನ್ನೂ, ಭೂನ್ಯಾಯಮಂಡಳಿಯ ಕಡತಗಳನ್ನೂ, ಊರವರ ಬಾಯಲ್ಲಿರುವ ಹೊಲಗಳ ಹೆಸರುಗಳನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸವು ಇನ್ನು ಮುಂದೆ ಆಗಬೇಕಾದದ್ದು. ಹೊಲಗಳ ಹೆಸರುಗಳಿಂದ ಆರಂಭಿಸುವುದು ಲೇಸೆಂದು ತೋರುತ್ತದೆ. ಅವನ್ನು ಬಲ್ಲ ಮುದುಕರು ಪ್ರತಿ ವರ್ಷ ಕಡಮೆಯಾಗುತ್ತಿದ್ದಾರೆ.